ಕುರಿಯ ಕೂಗಿಗೊಂದು ಹೆಸರು

ಇಂಗ್ಲಿಷಿನಲ್ಲಿ ‘ಬ್ಲೀಟ್’ ಎಂಬುದೊಂದು ಪುಟ್ಟ ಕ್ರಿಯಾಪದವಿದೆ. ಕುರಿ, ಆಡು, ಎಳೆಗರು ಇವುಗಳ ಕೂಗಿಗೆ ಅದು ಸಲ್ಲುತ್ತದೆ. ಹಳೆಯ ಇಂಗ್ಲಿಷಿನ ಕಾಲದಿಂದಲೂ ಬಳಕೆಯಲ್ಲಿರುವ ಈ ಮಾತು ಹುಟ್ಟಿದ್ದೇ ಆ ಕೂಗಿನ ಅನುಕರಣೆಯಿಂದ. ಕಥೆಯೊಂದನ್ನು ಅನುವಾದಿಸುತ್ತಿದ್ದಾಗ ಕುರಿಮರಿಯೊಂದು ಹಾಗೆ ಕೂಗುವ ವಾಕ್ಯ ಬಂತು. ‘ಮರಿ ಅರಚಿತು’ ಎಂದು ಬರೆದೆ, ಮನಸ್ಸು ಒಪ್ಪಲಿಲ್ಲ.

ಪ್ರಾಣಿಗಳ ದನಿಗೆ ನಮ್ಮಲ್ಲಿ ಹೆಸರಿನ ಬಡತನವಿಲ್ಲ. ನಾಯಿ ಬೊಗಳುತ್ತದೆ, ನರಿ ಊಳಿಡುತ್ತದೆ, ಹೋರಿ ಗುಟುರು ಹಾಕುತ್ತದೆ, ಕಪ್ಪೆ ವಟಗುಟ್ಟುತ್ತದೆ. ಕಾವ್ಯಗಳಲ್ಲಿ ಮೆರೆಯುವ ಪ್ರಾಣಿಗಳಿಗಂತೂ ಸಂಸ್ಕೃತದ ಬಿರುದುಗಳೇ ಇವೆ: ಆನೆಗೆ ಬೃಂಹಿತ, ಕುದುರೆಗೆ ಹೇಷಾರವ, ನವಿಲಿಗೆ ಕೇಕಾರವ. ಕುರಿಯ ಸರದಿ ಬಂದಾಗ ಮಾತ್ರ ‘ಬ್ಯಾ ಎಂದಿತು’ ಎನ್ನುತ್ತೇವೆ, ಇಲ್ಲವೆ ‘ಅರಚಿತು’ ಎಂದು ಮುಗಿಸುತ್ತೇವೆ.

ಮನುಷ್ಯನಿಗೆ ಬಳಸಿದಾಗ ತೊಡಕು ಇನ್ನೂ ಹೆಚ್ಚು. ಆಗ ‘ಬ್ಲೀಟ್’ ಎಂದರೆ ಯಾರೂ ಕಿವಿಗೊಡದ, ಕ್ಷೀಣವಾದ ದೂರು. ‘ಅರಚು’ ಎಂದರೆ ಗಂಟಲು ಹರಿಯುವಂತೆ ಕಿರುಚುವುದು. ಇಂಗ್ಲಿಷಿನಲ್ಲಿ ಅಲವತ್ತುಕೊಂಡ ವ್ಯಾಪಾರಿ ಕನ್ನಡದಲ್ಲಿ ಅರಚಿದರೆ ಅರ್ಥವೇ ತಲೆಕೆಳಗಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ—ಇಂದು ವಿಜಯನಗರ ಜಿಲ್ಲೆಗೆ ಸೇರಿದ ಈ ಸೀಮೆ ಮಳೆ ಕಡಿಮೆಯ, ಕುರಿಗಾರಿಕೆಯ ನಾಡು. ನನ್ನ ಸಂದೇಹ ತೀರಿದ್ದು ಅಲ್ಲಿ, ಕೊಟ್ಟೂರಿನ ದಾರಿಯ ಒಂದು ಕುರಿಹಟ್ಟಿಯಲ್ಲಿ. ಎಳೆಯ ಮರಿಗಳನ್ನು ಹಟ್ಟಿಯಲ್ಲೇ ಉಳಿಸಿ ತಾಯಿಗಳನ್ನು ಮೇಯಲು ಹೊಡೆದಿದ್ದರು. ಬೈಗಿನಲ್ಲಿ ಹಿಂಡು ಮರಳಿದಾಗ ಎದ್ದ ಕೂಗು ನನಗೆ ಬರಿಯ ಗದ್ದಲವಾಗಿ ಕೇಳಿಸಿತು. “ಗದ್ಲ ಅಲ್ರೀ ಸರ. ತಾಯಿ ಕರಿತೈತಿ, ಮರಿ ಓ ಅಂತೈತಿ” ಎಂದರು ಹಿರಿಯ ಕುರಿಗಾರರು. ನೋಡನೋಡುತ್ತಿದ್ದಂತೆ ಅಷ್ಟು ದೊಡ್ಡ ಹಿಂಡಿನಲ್ಲಿ ಒಂದೊಂದು ಮರಿಯೂ ತನ್ನ ತಾಯಿಯ ಕೆಚ್ಚಲನ್ನು ಸೇರಿತು. ದೂರದಿಂದ ದನಿ, ಹತ್ತಿರ ಬಂದ ಮೇಲೆ ವಾಸನೆ—ಇವೆರಡರಿಂದ ತಾಯಿ ತನ್ನ ಮರಿಯನ್ನು ಗುರುತಿಸುತ್ತದೆಂದು ಪ್ರಾಣಿವಿಜ್ಞಾನಿಗಳೂ ಹೇಳುತ್ತಾರೆ. ಬೇರೆ ಮರಿ ಬಾಯಿ ಹಾಕಿದರೆ ತಲೆಯಿಂದ ಗುದ್ದಿ ದೂಡುತ್ತದೆ.

ಅಂದ ಮೇಲೆ ಅದು ಅರಚಾಟವೂ ಅಲ್ಲ, ಅಲವತ್ತುಕೊಳ್ಳುವಿಕೆಯೂ ಅಲ್ಲ. ಇಂಗ್ಲಿಷಿನವರು ಕುರಿಯ ದನಿಗೆ ಹೆಸರು ಕೊಟ್ಟು, ಮನುಷ್ಯನ ದೈನ್ಯವನ್ನು ಅದಕ್ಕೆ ಅಂಟಿಸಿದರು. ನಾವು ಹೆಸರನ್ನೂ ಕೊಡದೆ ನಮ್ಮ ಕಿರುಚಾಟವನ್ನು ಅದರ ಮೇಲೆ ಹೊರಿಸಿದೆವು. ಅದರ ಕೂಗನ್ನು ಸರಿಯಾಗಿ ಕೇಳಿಸಿಕೊಂಡವರು ದಿನವೂ ಅದರ ಜೊತೆ ಬಾಳುವವರು.

ಊರಿಗೆ ಮರಳಿ ನನ್ನ ವಾಕ್ಯವನ್ನು ತಿದ್ದಿದೆ: ‘ಮರಿ ತಾಯಿಯನ್ನು ಕರೆಯಿತು.’