ಬೆಕ್ಕಿನ ಮುನಿಸು ಎಷ್ಟು ಹೊತ್ತು? ಒಂದು ದಿನ ದಾಟಿದರೆ ಅದು ಮುನಿಸಲ್ಲ, ಕಾಯಬೇಡಿ

ಜವನಗೊಂಡನಹಳ್ಳಿ: ಭಾನುವಾರ ಮನೇಲಿ ಕೋಳಿ ಸಾರು. ಬೆಕ್ಕಿಗೂ ನಾಲ್ಕು ತುಂಡು ಸಿಕ್ಕಿರುತ್ತೆ. ಸೋಮವಾರ ಬೆಳಗ್ಗೆ ಅದೇ ತಟ್ಟೆಗೆ ಹಾಲನ್ನ ಹಾಕಿದರೆ ಒಂದು ಸಲ ಮೂಸಿ ನೋಡಿ, ಮುಖ ತಿರುಗಿಸಿಕೊಂಡು ಅಟ್ಟ ಹತ್ತಿ ಕೂರುತ್ತೆ. ಕರೆದರೆ ಬರಲ್ಲ, ಬೆನ್ನು ಮಾತ್ರ ಕಾಣುತ್ತೆ. ಬಾಲದ ತುದಿ ಪಟಪಟ ಅಂತಿರುತ್ತೆ. “ಮುನಿಸ್ಕೊಂಡೈತೆ ಬಿಡು, ಹಸಿವಾದ್ರೆ ತಾನೇ ಬರ್ತೈತೆ” ಅಂತ ಮನೆಯವರು ಸುಮ್ಮನಾಗ್ತಾರೆ.

ಬಹುತೇಕ ಸಲ ಅದು ನಿಜವೇ. ಮಧ್ಯಾಹ್ನದೊಳಗೆ ಬೆಕ್ಕು ಕಾಲಿಗೆ ಮೈ ಉಜ್ಜುತ್ತಾ ಬಂದಿರುತ್ತೆ. ಆದರೆ ಇದೇ ಮಾತು ನಂಬಿ ಎರಡು ಮೂರು ದಿನ ಕಾದು, ಆಮೇಲೆ ಹುಲ್ಲಿನ ಬಣವೆ ಹಿಂದೆ ಬೆಕ್ಕು ಸತ್ತು ಬಿದ್ದಿರೋದನ್ನ ನೋಡೋ ಮನೆಗಳೂ ಇವೆ. ಹೊರಗಿಂದ ನೋಡೋಕೆ ಮುನಿಸೂ ಕಾಯಿಲೆಯೂ ಒಂದೇ ಥರ. ಎರಡರಲ್ಲೂ ಬೆಕ್ಕು ತಿನ್ನಲ್ಲ, ಮೂಲೆ ಸೇರುತ್ತೆ, ಮಾತಾಡಿಸಿದರೆ ತಿರುಗಿ ನೋಡಲ್ಲ. ವ್ಯತ್ಯಾಸ ಗೊತ್ತಾಗೋದು ಗಡಿಯಾರ ನೋಡಿದಾಗ.

ಮೊದಲು ಮುನಿಸಿನ ವಿಚಾರ. ‘ಇವರಿಗೆ ಬುದ್ಧಿ ಕಲಿಸ್ತೀನಿ’ ಅಂತ ಲೆಕ್ಕ ಹಾಕಿ ಬೆಕ್ಕು ಕೋಪ ಮಾಡಿಕೊಳ್ಳುತ್ತೆ ಅನ್ನೋಕೆ ಆಧಾರ ಇಲ್ಲ. ಅದಕ್ಕೆ ಬೇಕಿರೋದು ದಿನಚರಿ. ಇಷ್ಟು ಹೊತ್ತಿಗೆ ಹಾಲು ಕರೀತಾರೆ, ಇಷ್ಟು ಹೊತ್ತಿಗೆ ಒಲೆ ಹತ್ತುತ್ತೆ, ಈ ಬಾಗಿಲು ತೆಗೆದಿರುತ್ತೆ ಅನ್ನೋದು ಅದರ ತಲೇಲಿ ಅಚ್ಚಾಗಿರುತ್ತೆ. ಅದರಲ್ಲಿ ಒಂದು ತಪ್ಪಿದರೂ ಅದಕ್ಕೆ ಗಲಿಬಿಲಿ. ಆಗ ಎತ್ತರದ ಜಾಗ ಹತ್ತಿ ಕೂತು, ಮೈ ನೆಕ್ಕಿಕೊಂಡು ಸಮಾಧಾನ ಮಾಡಿಕೊಳ್ಳುತ್ತೆ. ಬೆನ್ನು ತಿರುಗಿಸಿ ಕೂರೋದು ನಮಗೆ ಅವಮಾನ ಅನಿಸಬಹುದು, ಬೆಕ್ಕಿನ ಲೋಕದಲ್ಲಿ ಹಾಗಲ್ಲ. ನೆಟ್ಟ ಕಣ್ಣಲ್ಲಿ ದಿಟ್ಟಿಸೋದೇ ಅಲ್ಲಿ ಜಗಳದ ಸೂಚನೆ.

ಕರೆದರೂ ಬರಲ್ಲ ಅನ್ನೋದಕ್ಕೆ ಜಪಾನಿನಲ್ಲಿ ಪರೀಕ್ಷೆಯೇ ನಡೆದಿದೆ. ಅತ್ಸುಕೊ ಸೈತೊ ಅನ್ನೋ ಸಂಶೋಧಕಿ ಮತ್ತು ಅವರ ಸಂಗಡಿಗರು 20 ಸಾಕು ಬೆಕ್ಕುಗಳಿಗೆ ಅಪರಿಚಿತರ ದನಿ, ಯಜಮಾನರ ದನಿ ಎರಡನ್ನೂ ಕೇಳಿಸಿದರು. 2013ರಲ್ಲಿ ಅದರ ಫಲಿತಾಂಶ ಪ್ರಕಟವಾಯ್ತು. ಯಜಮಾನರ ದನಿ ಯಾವುದು ಅಂತ ಬೆಕ್ಕುಗಳಿಗೆ ಚೆನ್ನಾಗೇ ಗೊತ್ತಿತ್ತು. ಕಿವಿ ಆಡಿಸಿದವು, ತಲೆ ತಿರುಗಿಸಿದವು, ಆದರೆ ಕೂತಲ್ಲಿಂದ ಎದ್ದು ಬರುವ ಉಸಾಬರಿಗೆ ಹೋಗಲಿಲ್ಲ. ಅಂದರೆ ಕರೆದಾಗ ಬರದಿರೋದು ಮುನಿಸಲ್ಲ, ಅದರ ಸ್ವಭಾವ. ನಾಯಿ ಸಾಕಿ ಅಭ್ಯಾಸ ಇರೋರಿಗೆ ಇದು ತಪ್ಪಾಗಿ ಕಾಣುತ್ತೆ ಅಷ್ಟೇ.

ಹಠ ಕಲಿಸೋದು ಮನೆಯವರೇ

ಬೆಳಗ್ಗೆ ಐದಕ್ಕೆ ಬಾಗಿಲ ಹತ್ತಿರ ಅರಚೋ ಬೆಕ್ಕಿನ ಕಥೆ ಬೇರೆ. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನೋದು ಕಡಿಮೆ. ಆ ಕೂಗು ಹೆಚ್ಚಾಗಿ ಮನುಷ್ಯರಿಗಾಗಿಯೇ ಇರೋದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಇನ್ನೊಂದು ವಿಷಯ ಕಂಡುಕೊಂಡರು. ಊಟ ಬೇಕಾದಾಗ ಕೆಲವು ಬೆಕ್ಕುಗಳು ತಮ್ಮ ಗುರುಗುರು ಸದ್ದಿನೊಳಗೆ ಕೂಸು ಅತ್ತಂಥ ಒಂದು ಸಣ್ಣ ದನಿ ಸೇರಿಸುತ್ತವಂತೆ. ಕೇಳಿದೋರಿಗೆ ಸುಮ್ಮನೆ ಮಲಗೋಕೆ ಆಗಲ್ಲ.

ಮೂರು ದಿನ ಗದರಿಸಿ, ನಾಲ್ಕನೇ ದಿನ ‘ಇದರ ಕಾಟ ತಡೆಯೋಕಾಗಲ್ಲ’ ಅಂತ ಎದ್ದು ಹಾಲು ಹಾಕಿದರೆ ಬೆಕ್ಕು ಕಲಿಯೋದು ಒಂದೇ ಪಾಠ: ಇನ್ನೂ ಜೋರಾಗಿ ಕೂಗಬೇಕು. ಕೊಡೋದು ನಿಲ್ಲಿಸಿದಾಗ ಮೊದಮೊದಲು ರಂಪ ಹೆಚ್ಚೇ ಆಗುತ್ತೆ, ಆಮೇಲೆ ಇಳಿಯುತ್ತೆ. ಮನೇಲಿ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ಅಜ್ಜಿ ಹಿತ್ತಲಲ್ಲಿ ಗುಟ್ಟಾಗಿ ಹಾಕಿದರೆ ಎಲ್ಲ ವ್ಯರ್ಥ.

ಹಾಲು ಮುಟ್ಟದ ಬೆಕ್ಕು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ತೆನಾಲಿ ರಾಮಕೃಷ್ಣನ ಬೆಕ್ಕು. ಇಲಿ ಕಾಟ ಅಂತ ಕೃಷ್ಣದೇವರಾಯ ಬೆಕ್ಕಿನ ಜೊತೆಗೆ ಹಾಲಿಗೆ ಹಸುವನ್ನೂ ಕೊಟ್ಟ, ರಾಮಕೃಷ್ಣ ಮೊದಲ ದಿನವೇ ಕುದಿಯೋ ಹಾಲಿಟ್ಟು ಬೆಕ್ಕಿನ ಬಾಯಿ ಸುಟ್ಟ, ಆಮೇಲೆ ಅದು ಹಾಲು ಕಂಡರೆ ಓಟ ಕಿತ್ತಿತು. ಕಥೆಯಲ್ಲಿ ನಗುವವರು ಹೆಚ್ಚು, ಬೆಕ್ಕಿನ ಕಡೆ ನೋಡೋರು ಕಡಿಮೆ. ಆ ಬೆಕ್ಕು ಮುನಿಸಿಕೊಂಡಿದ್ದಲ್ಲ, ಹೆದರಿದ್ದು. ಒಮ್ಮೆ ನೋವು ಕೊಟ್ಟ ಊಟವನ್ನ ಬೆಕ್ಕು ಬಹಳ ಕಾಲ ಮರೆಯಲ್ಲ. ಹಾಲನ್ನದಲ್ಲಿ ಮಾತ್ರೆ ಪುಡಿ ಮಾಡಿ ಕಲಸಿಕೊಟ್ಟ ಮನೆಗಳಲ್ಲೂ ಆಗೋದು ಇದೇ. ದಿನಾ ತಿನ್ನೋ ಊಟಕ್ಕೆ ಔಷಧಿ ಬೆರೆಸಬಾರದು.

ಇನ್ನು ಹಾಲನ್ನವನ್ನೇ ನಂಬಿಸೋದೂ ಸರಿಯಲ್ಲ. ಬೆಕ್ಕು ಅಪ್ಪಟ ಮಾಂಸಾಹಾರಿ. ಟಾರಿನ್ ಅನ್ನೋ ಪೋಷಕಾಂಶ ಅದಕ್ಕೆ ಮಾಂಸ, ಮೀನಿನಿಂದಲೇ ಸಿಗಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗೋದೂ ಇಲ್ಲ, ಭೇದಿ ಆಗುತ್ತೆ. ಹಾಗಂತ ಕೋಳಿ ಸಾರು ಸುರಿಯೋ ಹಾಗಿಲ್ಲ. ಹಿರಿಯೂರು, ಚಳ್ಳಕೆರೆ ಸೀಮೆ ಈರುಳ್ಳಿಗೆ ಹೆಸರುವಾಸಿ, ಇಲ್ಲಿ ಈರುಳ್ಳಿ ಇಲ್ಲದ ಸಾರೇ ಇಲ್ಲ. ಆ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪುಕಣಗಳನ್ನ ಒಡೆದು ಹಾಕುತ್ತವೆ. ಮಸಾಲೆ ಹಾಕೋಕೆ ಮುಂಚೆ ಬರೀ ನೀರಲ್ಲಿ ಬೆಂದ ಎರಡು ತುಂಡು ತೆಗೆದಿಟ್ಟರೆ ಸಾಕು.

ಒಂದು ದಿನ ದಾಟಿದರೆ

ನಿಜವಾದ ಮುನಿಸು ಕೆಲವು ಗಂಟೆಯದು. ಒಂದು ಹೊತ್ತಿನ ಊಟ ಬಿಡಬಹುದು. ಅಷ್ಟರಲ್ಲೂ ನೀರು ಕುಡೀತಿರುತ್ತೆ, ಮೈ ನೆಕ್ಕಿಕೊಳ್ತಿರುತ್ತೆ, ಇಲಿ ಸದ್ದಾದರೆ ಕಿವಿ ಆ ಕಡೆ ತಿರುಗುತ್ತೆ, ಇಷ್ಟವಾದದ್ದು ಕೊಟ್ಟರೆ ತಿನ್ನುತ್ತೆ. 24 ಗಂಟೆ ಕಳೆದರೂ ಮೀನು, ಮೊಟ್ಟೆ ಏನಿಟ್ಟರೂ ಮೂಸಲ್ಲ ಅಂದರೆ ಪಶುವೈದ್ಯರಿಗೆ ತೋರಿಸಬೇಕು. ಮರಿಯಾದರೆ ಅಷ್ಟೂ ಕಾಯಬಾರದು.

ಯಾಕಿಷ್ಟು ಆತುರ ಅಂದರೆ, ಎರಡು ಮೂರು ದಿನ ಪೂರ್ತಿ ಉಪವಾಸ ಇದ್ದ ಬೆಕ್ಕಿನ ಮೈಯಲ್ಲಿರೋ ಕೊಬ್ಬು ಕರಗಿ ಒಟ್ಟಾರೆ ಲಿವರ್‌ಗೆ ನುಗ್ಗುತ್ತೆ. ಅಷ್ಟನ್ನ ನಿಭಾಯಿಸೋಕೆ ಲಿವರ್‌ಗೆ ಆಗಲ್ಲ. ಕಿವಿ ಒಳಗೆ, ವಸಡಿನಲ್ಲಿ ಹಳದಿ ಬಣ್ಣ ಕಾಣುತ್ತೆ. ದಪ್ಪಗಿರೋ ಬೆಕ್ಕಿಗೆ ಈ ಅಪಾಯ ಜಾಸ್ತಿ. ‘ಮೈ ತುಂಬಿಕೊಂಡೈತೆ, ನಾಲ್ಕು ದಿನ ತಿನ್ನದಿದ್ರೂ ಏನಾಗಲ್ಲ’ ಅನ್ನೋ ಲೆಕ್ಕ ಇಲ್ಲಿ ಪೂರ್ತಿ ಉಲ್ಟಾ. ಹಸಿವಾದರೆ ಬರುತ್ತೆ ಅನ್ನೋದೂ ಅಷ್ಟೇ, ಲಿವರ್ ಕೆಟ್ಟ ಮೇಲೆ ಹಸಿವೇ ಆಗಲ್ಲ.

ಗಂಡು ಬೆಕ್ಕಿನಲ್ಲಿ ಇನ್ನೊಂದು ಗಂಡಾಂತರ ಇದೆ. ಮತ್ತೆ ಮತ್ತೆ ಮೂತ್ರಕ್ಕೆ ಕೂರುತ್ತೆ, ಮುಕ್ಕುತ್ತೆ, ಹನಿಯೂ ಬರಲ್ಲ, ಮುಟ್ಟಿದರೆ ಕೂಗುತ್ತೆ, ಆಮೇಲೆ ಹೋಗಿ ಮೂಲೇಲಿ ಬೀಳುತ್ತೆ. ಮಲಬದ್ಧತೆ ಅಂತ ಎಣ್ಣೆ ಕುಡಿಸೋರಿದ್ದಾರೆ. ಅದು ಮೂತ್ರನಾಳ ಕಟ್ಟಿರೋದು. ಒಂದೆರಡು ದಿನದಲ್ಲಿ ಜೀವ ಹೋಗುತ್ತೆ. ಇದಕ್ಕೆ 24 ಗಂಟೆಯ ಲೆಕ್ಕವೂ ಬೇಡ, ಕಂಡ ಕೂಡಲೇ ಹೊರಡಬೇಕು.

ಮರಿಗಳು ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತಿದ್ದು, ಕುಡಿಯದೆ ಇದ್ದರೆ, ಜೊತೆಗೆ ವಾಂತಿ ಭೇದಿ ಇದ್ದರೆ, ಅದು ಬೆಕ್ಕುಗಳ ಪಾರ್ವೊ ಜಾತಿಯ ವೈರಸ್ ಕಾಯಿಲೆ ಇರಬಹುದು. ಲಸಿಕೆ ಹಾಕಿಸದ ಮನೇಲಿ ಒಂದರ ಹಿಂದೆ ಒಂದು ಮರಿ ಸಾಯೋದು ಹೆಚ್ಚಾಗಿ ಇದರಿಂದಲೇ. ಯಾರೋ ದೃಷ್ಟಿ ಹಾಕಿದರು ಅಂತ ಸುಮ್ಮನಿರೋದು ಬೇಡ.

ಶೇಂಗಾ ಮೂಟೆ ಮನೆಗೆ ಬಂದ ಮೇಲೆ ಇಲಿ ಪಾಷಾಣ ಇಡೋದು ಹಳ್ಳಿಗಳಲ್ಲಿ ಮಾಮೂಲು. ಮೂಟೆ ಕಾಯೋಕೆ ಬೆಕ್ಕನ್ನೂ ಸಾಕಿ, ಪಾಷಾಣವನ್ನೂ ಇಟ್ಟರೆ, ವಿಷ ತಿಂದ ಇಲಿ ಬೆಕ್ಕಿನ ಹೊಟ್ಟೆ ಸೇರುತ್ತೆ. ಕೆಲವು ವಿಷ ಗಂಟೆಗಳಲ್ಲೇ ಕೆಲಸ ತೋರಿಸುತ್ತೆ. ರಕ್ತ ಹೆಪ್ಪುಗಟ್ಟದಂತೆ ಮಾಡೋ ಕೇಕಿನಂಥ ವಿಷವಾದರೆ ಲಕ್ಷಣ ಕಾಣೋಕೆ ಕೆಲವು ದಿನ ಬೇಕು, ಅಲ್ಲಿವರೆಗೂ ಬೆಕ್ಕು ಬರೀ ಮಂಕಾಗಿರುತ್ತೆ. ನೋಡೋರಿಗೆ ಅದೂ ಮುನಿಸೇ. ಡಬ್ಬಿಯನ್ನೋ ಕವರನ್ನೋ ಬಿಸಾಕದೆ ವೈದ್ಯರಿಗೆ ತೋರಿಸಿದರೆ ಯಾವ ವಿಷಕ್ಕೆ ಯಾವ ಮದ್ದು ಅನ್ನೋದು ಬೇಗ ತಿಳಿಯುತ್ತೆ.

ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಲೇಬಾರದು. ಡೋಲೋ, ಕ್ರೋಸಿನ್ ಎಲ್ಲ ಅದೇ ಮದ್ದು. ಒಂದು ಮಾತ್ರೆಯೇ ಬೆಕ್ಕನ್ನ ಕೊಲ್ಲಬಲ್ಲದು.

ಸಾಧು ಬೆಕ್ಕು ಇದ್ದಕ್ಕಿದ್ದಂತೆ ಕತ್ತಲೆ ಸೇರಿ, ಜೊಲ್ಲು ಸುರಿಸಿ, ಹತ್ತಿರ ಹೋದೋರ ಮೇಲೆ ಎರಗಿದರೆ ಅದನ್ನ ಎತ್ತಿಕೊಂಡು ಸಮಾಧಾನ ಮಾಡೋಕೆ ಹೋಗಬೇಡಿ, ಮಕ್ಕಳನ್ನ ದೂರ ಇಡಿ. ರೇಬೀಸ್ ನಾಯಿಯಿಂದ ಮಾತ್ರ ಬರೋದಲ್ಲ. ಕಚ್ಚಿದರೆ, ಪರಚಿದರೆ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಬೇಕು. ಬೆಕ್ಕಿಗೆ ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ ಹಾಕಿಸಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸು ಹಲವು ಕಡೆ ಲಸಿಕೆ ಶಿಬಿರ ನಡೆಯುತ್ತವೆ, ನಾಯಿಗೆ ಮಾತ್ರ ಅಂದುಕೊಂಡು ಬಿಡದೆ ಬೆಕ್ಕಿಗೂ ಇದೆಯಾ ಅಂತ ಕೇಳಿ.

ದನ, ಕುರಿಗೆ ಆಸ್ಪತ್ರೆಗೆ ಓಡೋ ಜೆ.ಜಿ. ಹಳ್ಳಿ ಹೋಬಳಿ ಜನ ಬೆಕ್ಕು ಹಿಡ್ಕೊಂಡು ಹೋಗೋಕೆ ನಾಚಿಕೊಳ್ಳೋದೇ ಹೆಚ್ಚು. ನಾಚಿಕೊಳ್ಳೋ ವಿಷಯ ಏನಿಲ್ಲ. ಹತ್ತಿರದ ಪಶು ಆಸ್ಪತ್ರೆ ಇಲ್ಲವೇ ಹಿರಿಯೂರಿನ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಬಹುದು, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಎಲ್ಲಿಗೆ ಹೋಗೋದು ಅಂತ ವಿಚಾರಿಸಬಹುದು. ದೊಡ್ಡ ಚಿಕಿತ್ಸೆ ಬೇಕಾದರೆ ಶಿವಮೊಗ್ಗದಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಬೈಕಿನಲ್ಲಿ ಕೈಯಲ್ಲೇ ಹಿಡ್ಕೊಂಡು ಹೊರಟರೆ ಹೈವೇ ಲಾರಿ ಹಾರ್ನಿಗೆ ಬೆಚ್ಚಿ ಹಾರಿಬಿಡುತ್ತೆ. ಟೊಮೆಟೊ ಕ್ರೇಟಿನಲ್ಲಿ ಹಳೇ ಸೀರೆ ಹಾಸಿ, ಮೇಲೊಂದು ಕ್ರೇಟು ಮಗುಚಿ ಹಗ್ಗ ಬಿಗಿದರೆ ಗಾಳಿಯೂ ಆಡುತ್ತೆ, ಬೆಕ್ಕೂ ತಪ್ಪಿಸಿಕೊಳ್ಳಲ್ಲ. ಕೊನೇ ಸಲ ತಿಂದಿದ್ದು ಯಾವಾಗ, ಮೂತ್ರ ಮಾಡಿದ್ದು ಯಾವಾಗ, ಮನೇಲಿ ಅಥವಾ ಪಕ್ಕದ ಮನೇಲಿ ಪಾಷಾಣ ಇಟ್ಟಿದ್ದರಾ ಅನ್ನೋದನ್ನ ಹೊರಡೋಕೆ ಮುಂಚೆಯೇ ಕೇಳಿ ತಿಳಿದುಕೊಂಡಿರಿ. ವೈದ್ಯರು ಮೊದಲು ಕೇಳೋದು ಅದನ್ನೇ.