ಮಿಡಿತ ನಿಂತರೆ ಮಲಗುವ ಪರದೆ

ಪಂಚನಹಳ್ಳಿಯ ನಾಡಕಚೇರಿಯಲ್ಲಿ ಪಹಣಿಗೆ ಕಾಯುತ್ತ ನಿಂತಿದ್ದೆ. ಆಪರೇಟರ್ ಹುಡುಗ ಯಾವುದೋ ಕಾಗದ ಹುಡುಕಲು ಒಳಗೆ ಹೋಗಿದ್ದ. ನೋಡನೋಡುತ್ತಿದ್ದಂತೆ ಮೇಜಿನ ಮೇಲಿನ ಮಾನಿಟರ್ ಕಪ್ಪಾಯಿತು. "ಕರೆಂಟು ಹೋಯ್ತೇನಪ್ಪಾ?" ಅಂದರು ನನ್ನ ಮುಂದಿದ್ದ ಹಿರಿಯರು. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಹುಡುಗ ಬಂದವನೇ ಮೌಸ್ ಅಲ್ಲಾಡಿಸಿದ, ಪರದೆ ಬೆಳಗಿತು. "ಇಲ್ಲ ಅಜ್ಜಾ, ಮಲಗಿತ್ತು ಅಷ್ಟೆ."

ಮಲಗಿತ್ತು! ಮಲಗು ಎಂದು ಅದಕ್ಕೆ ಹೇಳಿದವರು ಯಾರು? ಹೇಗೆ ಹೇಳಿದರು? ಅಂದಿನಿಂದ ಈ ಪ್ರಶ್ನೆಯ ಬೆನ್ನು ಬಿದ್ದವನಿಗೆ ಸಿಕ್ಕ ಉತ್ತರ ಕೇಳಿ: ಯಾರೂ ಏನೂ ಹೇಳಲಿಲ್ಲ. ಕಂಪ್ಯೂಟರ್ ತಾನು ಹೇಳುತ್ತಿದ್ದುದನ್ನು ನಿಲ್ಲಿಸಿತು!

ಹಳೆಯ ವಿಜಿಎ ಕೇಬಲ್ ಗೊತ್ತಲ್ಲ, ತುದಿಯಲ್ಲಿ ನೀಲಿ ಪಿನ್ನು ಇರುವಂಥದ್ದು. ಅದರೊಳಗೆ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಮೂರು ತಂತಿ. ಇನ್ನೆರಡು ತಂತಿಗಳಲ್ಲಿ ಚಿತ್ರವಿಲ್ಲ, ಬರೀ ಮಿಡಿತ. ಒಂದು ತಂತಿ ಚಿತ್ರ ಮೂಡಿಸುವ ಪ್ರತಿ ಗೆರೆಗೊಮ್ಮೆ ಮಿಡಿಯುತ್ತದೆ, ಇನ್ನೊಂದು ಪೂರ್ತಿ ಚಿತ್ರಕ್ಕೊಮ್ಮೆ. ಮೂಲ ವಿಜಿಎ ಪರದೆಯಲ್ಲಿ ಚಿತ್ರ ಸೆಕೆಂಡಿಗೆ 60 ಸಲ, ಗೆರೆ ಸುಮಾರು 31,500 ಸಲ! ನಾವು ರೆಪ್ಪೆ ಬಡಿಯುವಷ್ಟರಲ್ಲಿ ಸಾವಿರಾರು ಮಿಡಿತ ಹರಿದುಹೋಗಿರುತ್ತವೆ.

1993ರಲ್ಲಿ ವೀಸಾ ಎಂಬ ವಿಡಿಯೋ ಮಾನಕ ಸಂಸ್ಥೆ (ಪಾಸ್‌ಪೋರ್ಟಿನ ವೀಸಾ ಅಲ್ಲ) ಮಾನಿಟರನ್ನು ಮಲಗಿಸಲು ಇದೇ ಎರಡು ತಂತಿಗಳನ್ನು ಹಿಡಿಯಿತು. ಹೊಸ ತಂತಿ ಬೇಡ, ಹೊಸ ಪಿನ್ನು ಬೇಡ. ಗೆರೆಯ ಮಿಡಿತ ನಿಂತರೆ ತೂಕಡಿಕೆ, ಚಿತ್ರದ ಮಿಡಿತ ನಿಂತರೆ ನಿದ್ದೆ, ಎರಡೂ ನಿಂತರೆ ಗಾಢ ನಿದ್ದೆ. ಇಷ್ಟೇ ಒಪ್ಪಂದ! ಮಾನಿಟರಿನೊಳಗಿನ ಒಂದು ಪುಟ್ಟ ಚಿಪ್ ಮಾತ್ರ ಎಚ್ಚರವಾಗಿದ್ದು ತಂತಿಗೆ ಕಿವಿಗೊಟ್ಟಿರುತ್ತದೆ.

ಅಂದಿನ ಗಾಜಿನ ಡಬ್ಬಿ ಮಾನಿಟರುಗಳ ನಿದ್ದೆ ಇನ್ನೂ ಸೋಜಿಗ. ಪಿಕ್ಚರ್ ಟ್ಯೂಬಿನ ಹಿಂಬದಿಯಲ್ಲಿ ಕಾದು ಕೆಂಪಾಗುವ ಸಣ್ಣ ಫಿಲಮೆಂಟ್. ಹಗುರ ನಿದ್ದೆಯಲ್ಲಿ ಅದನ್ನು ಬೆಚ್ಚಗೇ ಇಡುತ್ತಿದ್ದರು, ಕರೆದರೆ ಚಿತ್ರ ಬೇಗ ಮೂಡಲಿ ಎಂದು. ಗಾಢ ನಿದ್ದೆಯಲ್ಲಿ ಅದೂ ತಣ್ಣಗಾಗುತ್ತಿತ್ತು, ಎದ್ದಮೇಲೆ ಒಂದಷ್ಟು ಸೆಕೆಂಡು ಕಾಯಬೇಕಿತ್ತು. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುವುದಕ್ಕೂ ಒಲೆಯನ್ನೇ ಆರಿಸುವುದಕ್ಕೂ ಇರುವಷ್ಟೇ ವ್ಯತ್ಯಾಸ!

1992ರಲ್ಲಿ ಅಮೆರಿಕದ ಎನರ್ಜಿ ಸ್ಟಾರ್ ಎಂಬ ವಿದ್ಯುತ್ ಉಳಿತಾಯ ಯೋಜನೆ ಮೊದಲು ಕೇಳಿದ್ದು, ಮಲಗಿದ ಮಾನಿಟರ್ 30 ವಾಟ್ ಮೀರಬಾರದು ಎಂದು. ಇಂದಿನ ಒಳ್ಳೆಯ ಮಾನಿಟರಿಗೆ ಮಲಗಿದಾಗ ಅರ್ಧ ವಾಟ್ ಸಾಕು. ಎಚ್ಚರವಿದ್ದಾಗ 20 ವಾಟ್ ತಿನ್ನುವ ಪರದೆ ದಿನಕ್ಕೆ 4 ಗಂಟೆ ಸುಮ್ಮನೆ ಉರಿದರೆ 300 ದಿನಕ್ಕೆ 24 ಯೂನಿಟ್. ಮಲಗಿದ್ದರೆ ಒಂದು ಯೂನಿಟ್ಟೂ ಇಲ್ಲ! ಮೀನು ಈಜಾಡುವ ಸ್ಕ್ರೀನ್ ಸೇವರ್‌ನಿಂದ ಈ ಉಳಿತಾಯ ಆಗದು, ಪರದೆಯ ಹಿಂದಿನ ಬೆಳಕು ಉರಿಯುತ್ತಲೇ ಇರುತ್ತದೆ. ಕರೆಂಟು ಹೋಗಿ ಯುಪಿಎಸ್ ಮೇಲೆ ಕಚೇರಿ ನಡೆಯುವಾಗಲಂತೂ ಉಳಿದ ಒಂದೊಂದು ವಾಟೂ ಬ್ಯಾಟರಿಗೆ ಉಸಿರು.

ಇದನ್ನೆಲ್ಲ ಓದಿಕೊಂಡು ಮತ್ತೆ ಪಂಚನಹಳ್ಳಿಗೆ ಹೋದಾಗ ಅದೇ ಹಿರಿಯರು ಸಿಕ್ಕರು. ಉತ್ಸಾಹದಿಂದ ಹೇಳಿದೆ. ಅರ್ಧ ಕೇಳುವಷ್ಟರಲ್ಲೇ ಅಂದರು: "ನಮ್ಮ ಬೋರಿನ ಆಟೋ ಸ್ಟಾರ್ಟರ್ ಇದ್ದಂಗೆ ಅನ್ನಿ!" ನಾನು ದಂಗಾದೆ. ಹೌದಲ್ಲವೇ! ತೆಂಗಿನ ತೋಟದ ಮೂಲೆಯ ಆ ಡಬ್ಬಿಯೂ ಹೀಗೇ ತಂತಿ ಕಾಯುತ್ತದೆ. ನಡುರಾತ್ರಿ ತ್ರೀಫೇಸ್ ಬಂತೋ, ಯಾರೂ ಮುಟ್ಟದೆಯೇ ಮೋಟರನ್ನು ಎಬ್ಬಿಸುತ್ತದೆ. ಒಂದು ಫೇಸ್ ಹೋಯಿತೋ, ಪ್ರಿವೆಂಟರ್ ಎಂಬ ಕಾವಲು ಸಾಧನ ಮೋಟರನ್ನು ನಿಲ್ಲಿಸುತ್ತದೆ. ನಾನು ಪುಸ್ತಕ ತಿರುವಿ ಕಂಡದ್ದನ್ನು ಅವರು ಎಷ್ಟೋ ವರ್ಷಗಳಿಂದ ತೋಟದಲ್ಲಿ ಕೇಳುತ್ತ ಮಲಗಿದ್ದಾರೆ.

ಇಬ್ಬರೂ ಕಚೇರಿಯ ಬಾಗಿಲಲ್ಲಿ ನಿಂತು ಮಾನಿಟರನ್ನೇ ನೋಡಿದೆವು. ಹುಡುಗ ಪ್ರಿಂಟರಿಗೆ ಕಾಗದ ತುಂಬುತ್ತಿದ್ದ. ಪರದೆ ಕಪ್ಪಾಯಿತು, ಅಂಚಿನ ಪುಟ್ಟ ದೀಪ ಬಣ್ಣ ಬದಲಿಸಿತು. ಹಿರಿಯರು ನನ್ನ ತೋಳು ತಿವಿದು ಪಿಸುಗುಟ್ಟಿದರು: "ಮಲಗ್ತು ನೋಡಿ!"