ಹಳೆಯ ಬಾಗಿಲಿಗೆ ಹೊಸ ಕಾಲು

ಅಂಕೋಲೆಯ ನಮ್ಮ ಮನೆಯ ಮುಂಬಾಗಿಲಿನ ಚೌಕಟ್ಟು ಹಲಸಿನ ಮರದ್ದು, ನನ್ನ ಅಜ್ಜನ ಕಾಲದ್ದು. ಕಳೆದ ಮಳೆಗಾಲದಲ್ಲಿ ಅದರ ಎಡಗಂಬದ ಬುಡಕ್ಕೆ ಒರಲೆ ಹಿಡಿಯಿತು. "ಕಿತ್ತು ಹೊಸದು ಹಾಕಿಸೋಣ ಅಪ್ಪ" ಎಂದ ಮಗ. "ಮೇಲೆಲ್ಲ ಗಟ್ಟಿ ಇದೆಯಲ್ಲ ಅಜ್ಜ?" ಎಂದಳು ಆರನೇ ತರಗತಿಯ ಮೊಮ್ಮಗಳು.

ನಾನು ಸುಮ್ಮನಾದೆ. 1992ರಲ್ಲಿ ಹೆಂಚಿನ ಮಾಡು ತೆಗೆದು ಸ್ಲ್ಯಾಬ್ ಹಾಕಿಸಿದಾಗ ಪಕಾಸಿ, ಕಿಟಕಿಗಳನ್ನೆಲ್ಲ ಸೌದೆಯ ತೂಕಕ್ಕೆ ಮಾರಿದವನು ನಾನೇ. ದಿನವಿಡೀ ಲೆಡ್ಜರ್ ಬರೆಯುವವನಿಗೆ ಮನೆಯ ಲೆಕ್ಕ ತಪ್ಪಿತ್ತು.

ಕಾರವಾರದ ಶಾಖೆಯಲ್ಲಿ ನನ್ನ ಜೊತೆಗಿದ್ದ ಗೆಳೆಯರು ಹಾಗೆ ಮಾಡಲಿಲ್ಲ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಕಾರವಾರ, ಅಂಕೋಲೆ ತಾಲೂಕುಗಳ ಕಡಲಂಚಿನ ಹಳ್ಳಿಗಳು ತೆರವಾದವು. ಊರು ಬಿಡುವಾಗ ಅವರು ಬಾಗಿಲು, ಕಿಟಕಿ ಎಲ್ಲ ಬಿಚ್ಚಿ ಲಾರಿಗೆ ಹಾಕಿಸಿದರು. ಹೊಸ ಮನೆಯ ಗೋಡೆ ಕಟ್ಟಿಸಿದ್ದೇ ಹಳೆಯ ಬಾಗಿಲಿನ ಅಳತೆಗೆ!

ನಮ್ಮ ಆಚಾರಿ ಉಳಿಯ ಹಿಡಿಯಿಂದ ಕಂಬವನ್ನು ತಟ್ಟುತ್ತಾ ಹೋದರು. ಒಂದು ಗೇಣಿನವರೆಗೆ ಮಾತ್ರ ಟೊಳ್ಳು ಸದ್ದು. "ಇಷ್ಟಕ್ಕೆ ಪೂರಾ ಚೌಕಟ್ಟು ಯಾಕೆ ಬ್ಯಾಂಕಿನವರೇ?" ಎಂದರು. ಕೆಟ್ಟ ಭಾಗ ಕೊಯ್ದು, ಉಳಿದ ಕಂಬದಲ್ಲಿ ಅರ್ಧ ದಪ್ಪ, ಹೊಸ ತುಂಡಿನಲ್ಲಿ ಅರ್ಧ ದಪ್ಪ ಕೆತ್ತಿ, ಒಂದರ ಮೇಲೊಂದು ಕೂರಿಸಿ ಅಂಟು ಹಾಕಿ ಮರದ ಗೂಟ ಹೊಡೆದರು. ಬುಡಕ್ಕೊಂದು ಶಿಲೆಕಲ್ಲು ಇಟ್ಟರು. ಮೆಟ್ಟಿಲು ತೊಳೆದ ನೀರು ಕುಡಿದೇ ಮರ ಕೆಟ್ಟಿತ್ತಂತೆ.

ತುಂಡು ಕೊಯ್ಸಲು ಸಾಮಿಲ್ಲಿಗೆ ಹೋದಾಗ ಮೊಮ್ಮಗಳಿಗೊಂದು ಲೆಕ್ಕ ಕೊಟ್ಟೆ. 300 ಮಿ.ಮೀ. ಅಗಲದ ಚೌಕ ದಿಮ್ಮಿಯಿಂದ 25 ಮಿ.ಮೀ. ದಪ್ಪದ ಹಲಗೆ ಎಷ್ಟು? 12 ಎಂದಳು. ಗರಗಸ ತಿನ್ನುವುದನ್ನು ಮರೆತಿದ್ದಳು! ಒಂದೊಂದು ಕೊಯ್ತಕ್ಕೆ 4 ಮಿ.ಮೀ. ಹುಡಿಯಾದರೆ ಸಿಗುವುದು 10 ಹಲಗೆ. ತೆಳು ಪಟ್ಟಿಯ ಗರಗಸ 2 ಮಿ.ಮೀ. ತಿಂದರೆ 11. ನೀವೂ ಮಾಡಿ ನೋಡಿ ಮಕ್ಕಳೇ. ಉಳಿದ ಗಿಡ್ಡ ತುಂಡುಗಳನ್ನೂ ದೊಡ್ಡ ಕಾರ್ಖಾನೆಗಳು ಈಗ ಎಸೆಯುವುದಿಲ್ಲ. ತುದಿಗೆ ಹಲ್ಲು ಕೊರೆದು, ಎರಡು ಕೈಯ ಬೆರಳು ಹೆಣೆದಂತೆ ಅಂಟಿಸಿ ಉದ್ದದ ಪಟ್ಟಿ ಮಾಡುತ್ತವೆ.

ಹುಡಿಯನ್ನು ಚೀಲದಲ್ಲಿ ತಂದೆವು. ಅಮ್ಮನ ಹೊಟ್ಟಿನ ಒಲೆ ನೆನಪಾಯಿತು. ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಬಿಗಿಯಾಗಿ ತುಂಬಿ, ಬಾಟಲಿಯನ್ನು ಮೆಲ್ಲನೆ ಎಳೆದರೆ ಒಲೆ ತಯಾರು, ಗಂಟೆಗಟ್ಟಲೆ ಉರಿಯುತ್ತಿತ್ತು. ಪ್ಲೈವುಡ್ಡಿನ ಹುಡಿಯಲ್ಲಿ ಅಂಟು ಇರುತ್ತದೆ, ಅದನ್ನು ಮಾತ್ರ ಒಲೆಗೆ ಹಾಕಬಾರದು.

ಹೊಸ ತುಂಡು ಇನ್ನೂ ಹಳದಿಯಾಗಿದೆ. ಮಗ ಬಣ್ಣ ಬಳಿಸೋಣ ಎಂದ. ಮೊಮ್ಮಗಳು ಬೇಡವೆಂದಳು, ಅದು ಅಜ್ಜನ ಅಜ್ಜನ ಬಣ್ಣಕ್ಕೆ ಬರಲು ಎಷ್ಟು ವರ್ಷ ಬೇಕೆಂದು ಅವಳಿಗೆ ನೋಡಬೇಕಂತೆ.